ತಂಗಡಿ ಚಕ್ಕೆಯ ಸೀಮೆಯಲ್ಲಿ

ಶಿರಾ ದಾಟಿ ಹಿರಿಯೂರಿನ ಕಡೆ ಹೊರಟರೆ ಹೆದ್ದಾರಿಯ ಎರಡೂ ಬದಿ ತಂಗಡಿ ಗಿಡ ಶುರುವಾಗುತ್ತದೆ. ಬೇಲಿ ಸಾಲಿನಲ್ಲಿ, ಉಳುಮೆ ಬಿಟ್ಟ ಬೀಳಿನಲ್ಲಿ, ಗುಡ್ಡದ ಬುಡದ ಜಲ್ಲಿ ನೆಲದಲ್ಲಿ ಎಲ್ಲೆಂದರಲ್ಲಿ ಅದೇ. ಆಳೆತ್ತರ ಬೆಳೆಯುವುದೂ ಅಪರೂಪ. ಮಳೆ ಹೋಗಿ ತಿಂಗಳುಗಳಾದರೂ ಹಳದಿ ಹೂ ಬಿಡುತ್ತಲೇ ಇರುತ್ತದೆ. ಬೇರೆ ಸೀಮೆಗಳಲ್ಲಿ ಆವರಿಕೆ ಎನ್ನುವುದೂ ಇದನ್ನೇ. ದನ ಇದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಹಾಗಾಗಿ ಮೇಯಿಸಿ ಬೋಳಾದ ಕಾವಲಿನಲ್ಲೂ ಇದು ಉಳಿದುಕೊಂಡಿದೆ. ಈಗ ಹೂವನ್ನು ಒಣಗಿಸಿ ಕಷಾಯದ ಪುಡಿ ಮಾಡುವವರಿದ್ದಾರೆ. ಆದರೆ ಒಂದು ಕಾಲದಲ್ಲಿ ಈ ಗಿಡಕ್ಕೆ ಬೆಲೆ ಇದ್ದದ್ದು ಅದರ ತೊಗಟೆಗೆ. ಸೀಳಿ, ಒಣಗಿಸಿ, ಕುಟ್ಟಿ ನೀರಿಗೆ ಹಾಕಿದ ತಂಗಡಿ ಚಕ್ಕೆಯ ಒಗರು ನೀರೇ ದಕ್ಷಿಣ ಭಾರತದಲ್ಲಿ ತೊಗಲು ಹದ ಮಾಡುವ ಕಸುಬನ್ನು ತಲೆಮಾರುಗಳ ಕಾಲ ನಡೆಸಿತು. ಆ ಒಗರಿನಲ್ಲಿರುವ ಟ್ಯಾನಿನ್ ಹಸಿ ಚರ್ಮದ ಎಳೆಗಳನ್ನು ಬಿಗಿಯಾಗಿ ಹಿಡಿದುಕೊಂಡರೆ, ಎರಡು ದಿನಕ್ಕೆ ಕೊಳೆಯಬೇಕಾದದ್ದು ವರ್ಷಗಟ್ಟಲೆ ಬಾಳುತ್ತದೆ. ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ತಂಗಡಿ ಚಕ್ಕೆಯನ್ನು ಕಿರು ಅರಣ್ಯೋತ್ಪನ್ನವೆಂದು ಎಣಿಸಿ ಆದಾಯ ಪಡೆಯುತ್ತಿತ್ತು. ಮದರಾಸಿನ ಹದಗಾರರು ಇದೇ ಚಕ್ಕೆಯಲ್ಲಿ ಹದ ಮಾಡಿ, ಅಳಲೆಕಾಯಿಯ ನೀರಿನಲ್ಲಿ ಮುಗಿಸಿದ ತೊಗಲು ‘ಈಸ್ಟ್ ಇಂಡಿಯಾ ಲೆದರ್’ ಎಂಬ ಹೆಸರಿನಲ್ಲಿ ಲಂಡನ್ನಿನ ಮಾರುಕಟ್ಟೆಗೆ ಹೋಗುತ್ತಿತ್ತು. ಆಮೇಲೆ ದಕ್ಷಿಣ ಆಫ್ರಿಕಾದಿಂದ ವಾಟಲ್ ತೊಗಟೆ ಬಂತು, ಅದರ ಹಿಂದೆಯೇ ಕ್ರೋಮ್ ಬಂತು. ತಂಗಡಿಯನ್ನು ಕೇಳುವವರು ಇಲ್ಲವಾದರು.

ಚಿತ್ರದುರ್ಗದ ಸೀಮೆಗೆ ಎಲ್ಲರೂ ಕೋಟೆ ನೋಡಲು ಬರುತ್ತಾರೆ. ನಾನು ಬಂದದ್ದು ತೊಗಲಿನ ಜಾಡು ಹುಡುಕಿಕೊಂಡು. ಈ ಒಣ ನೆಲದಲ್ಲಿ ನೀರು ಮೇಲೆ ಬಂದದ್ದು, ಎತ್ತು ನೊಗಕ್ಕೆ ಬಿಗಿದುಕೊಂಡದ್ದು, ಕುಲುಮೆಯಲ್ಲಿ ಬೆಂಕಿ ಉರಿದದ್ದು, ದೇವರು ಗುಡಿಯಿಂದ ಹೊರಗೆ ಹೊರಟದ್ದು ಎಲ್ಲವೂ ತೊಗಲಿನಿಂದ. ಅದನ್ನು ಮಾಡಿದ ಕೈಗಳ ಕಥೆ ಮಾತ್ರ ಕೋಟೆಯ ಫಲಕಗಳಲ್ಲಿ ಸಿಗುವುದಿಲ್ಲ.

ಹಿರಿಯೂರು ತಾಲ್ಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಒಂದು. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 19ನೇ ಶತಮಾನದ ಕೊನೆಯಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು. ಜಲಾಶಯ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯದಕ್ಕೆ 2022ರವರೆಗೆ ಕಾಯಬೇಕಾಯಿತು. ಮೂರನೆಯದು 2025ರ ಜನವರಿಯಲ್ಲಿ. ಎಂಬತ್ತೊಂಬತ್ತು ವರ್ಷ ಒಂದು ಜಲಾಶಯ ತುಂಬಿ ಹರಿಯದೆ ಇದ್ದ ನಾಡಿನಲ್ಲಿ, ನಾಲೆ ತಲುಪದ ಊರುಗಳವರು ಬಾವಿಯನ್ನೇ ನಂಬಬೇಕಿತ್ತು. ಬಾವಿಯ ನೀರು ಹೊಲಕ್ಕೆ ಬರಲು ಕಪಿಲೆ ಬೇಕಿತ್ತು.

ಕಪಿಲೆ ಹೂಡಿದ್ದನ್ನು ಕಣ್ಣಾರೆ ಕಂಡವರು ಈಗ ಎಪ್ಪತ್ತು ದಾಟಿದವರು. ಮಾರಿಕಣಿವೆಗೆ ಹೋಗುವ ದಾರಿಯಲ್ಲಿ ಒಂದು ಊರಿನ ಹೊರಗೆ ಹಾಳುಬಿದ್ದ ಬಾವಿ ತೋರಿಸಿದರು. ದಡದಲ್ಲಿ ಎರಡು ಕಲ್ಲುಕಂಬ ಇನ್ನೂ ನಿಂತಿವೆ. ಎತ್ತುಗಳು ಇಳಿಯುತ್ತಿದ್ದ ಇಳಿಜಾರು ದಾರಿಯಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ. ಕಂಬಗಳ ನಡುವೆ ಗಾಲಿ, ಗಾಲಿಯ ಮೇಲೆ ಹಗ್ಗ, ಹಗ್ಗದ ತುದಿಗೆ ಇಡೀ ತೊಗಲಿನಲ್ಲಿ ಹೊಲಿದ ಬಾನಿ. ಬಾನಿಯ ಬುಡಕ್ಕೆ ಉದ್ದನೆಯ ತೊಗಲಿನ ಸೊಂಡಿಲು. ಬಾಯಿಗೆ ದಪ್ಪ ಹಗ್ಗ, ಸೊಂಡಿಲಿನ ತುದಿಗೆ ಸಣ್ಣ ಹಗ್ಗ. ಜೋಡೆತ್ತು ಇಳಿಜಾರಿನಲ್ಲಿ ಇಳಿದಂತೆ ಬಾನಿ ಮೇಲೇರುತ್ತದೆ. ಏರುವಷ್ಟು ಹೊತ್ತೂ ಸೊಂಡಿಲು ಮಡಚಿಕೊಂಡು ಬಾಯಿಯ ಮಟ್ಟದಲ್ಲಿ ನಿಂತಿರುವುದರಿಂದ ನೀರು ಚೆಲ್ಲದು. ಮೇಲೆ ಬಂದೊಡನೆ ಸಣ್ಣ ಹಗ್ಗ ಸೊಂಡಿಲನ್ನು ತೊಟ್ಟಿಯ ಕಡೆಗೆ ಎಳೆದು ನೀರು ತಾನಾಗಿ ಸುರಿಯುತ್ತದೆ. ಬಾವಿಯ ಬಾಯಲ್ಲಿ ನಿಂತು ಬಾನಿಯನ್ನು ಬಗ್ಗಿಸಲು ಇನ್ನೊಬ್ಬ ಆಳು ಬೇಕಿಲ್ಲ. ಎತ್ತು ಹೊಡೆಯುವವನು ಹಗ್ಗದ ಮೇಲೆ ಕೂತು ಹಾಡುತ್ತ ಇಳಿಯುತ್ತಿದ್ದ. ಅವನ ಭಾರವೂ ಎತ್ತುಗಳ ಎಳೆತಕ್ಕೆ ಸೇರುತ್ತಿತ್ತು. ಇದನ್ನು ಯಂತ್ರ ಎಂದು ಕರೆಯಲು ನನಗೆ ಯಾವ ಅಳುಕೂ ಇಲ್ಲ. ಇದರ ಮುಖ್ಯ ಭಾಗ ತೊಗಲು. ಮಣ್ಣಿನ ಕೊಡ ಕಲ್ಲಿಗೆ ತಾಗಿದರೆ ಒಡೆಯುತ್ತಿತ್ತು, ಮರದ್ದಾದರೆ ಭಾರ, ಕಬ್ಬಿಣ ಆಗ ದುಬಾರಿ. ಬಾಗುವ, ಒಡೆಯದ, ನೀರು ಸೋರದ ವಸ್ತು ಆ ಕಾಲದಲ್ಲಿ ತೊಗಲು ಬಿಟ್ಟರೆ ಬೇರೆ ಇರಲಿಲ್ಲ.

ಆ ತೊಗಲು ಹದವಾಗುತ್ತಿದ್ದ ಬಗೆಯನ್ನು ವಿವರಿಸಿದ ಹಿರಿಯರು ಹಟ್ಟಿಯ ಜಗುಲಿಯ ಮೇಲೆ ಕೂತಿದ್ದರು. ಹುಡುಗನಾಗಿದ್ದಾಗ ಅಜ್ಜನ ಜೊತೆ ಕೆಲಸ ಮಾಡಿದವರು. ಅವರ ಮಾತಿಗೆ ಅವರ ಬೆರಳುಗಳೂ ಜೊತೆಯಾಗುತ್ತಿದ್ದವು. ಮೊದಲು ಸುಣ್ಣದ ಗುಂಡಿ. ಅದರಲ್ಲಿ ದಿನಗಟ್ಟಲೆ ನೆನೆದ ಮೇಲೆ ಕೂದಲು ಸಡಿಲವಾಗುತ್ತದೆ. ದುಂಡನೆಯ ಮರದ ದಿಮ್ಮಿಯ ಮೇಲೆ ಹಾಸಿ, ಬಾಗಿದ ಕತ್ತಿಯಿಂದ ಒಂದು ಮಗ್ಗುಲು ಕೂದಲು, ಇನ್ನೊಂದು ಮಗ್ಗುಲು ಉಳಿದ ಮಾಂಸ ಹೆರೆಯಬೇಕು. ಕತ್ತಿ ಒಂದು ಕೂದಲೆಳೆಯಷ್ಟು ಒಳಗಿಳಿದರೂ ತೊಗಲು ತೂತು, ಬಾನಿಗೆ ಬಾರದು. ಆಮೇಲೆ ಸುಣ್ಣ ಹೋಗುವವರೆಗೂ ತೊಳೆಯುವುದು, ಬಳಿಕ ಚಕ್ಕೆಯ ಗುಂಡಿ. ತಂಗಡಿ ಚಕ್ಕೆ ತರುವುದು, ಒರಳಿನಲ್ಲಿ ಕುಟ್ಟುವುದು ಹೆಂಗಸರ ಕೆಲಸ. ಅವರ ಅಂಗೈ ವರ್ಷವಿಡೀ ಕಂದು ಬಣ್ಣಕ್ಕೇ ಇರುತ್ತಿತ್ತಂತೆ. ಕೊನೆಗೆ ತೊಗಲನ್ನು ಚೀಲದ ಹಾಗೆ ಹೊಲಿದು, ಒಳಗೆ ಚಕ್ಕೆ ಮತ್ತು ಒಗರು ನೀರು ತುಂಬಿ ಮರದ ಕೊಂಬೆಗೆ ತೂಗುಹಾಕುವುದು. ಹನಿಹನಿಯಾಗಿ ಇಳಿದ ನೀರನ್ನು ಕೆಳಗೆ ಹಿಡಿದು ಮತ್ತೆ ಮೇಲಿನಿಂದ ಹೊಯ್ಯುವುದು, ಒಂದು ತುದಿ ಆದ ಮೇಲೆ ತಲೆಕೆಳಗು ಮಾಡಿ ಇನ್ನೊಂದು ತುದಿ. ಆಮೇಲೆ ಹೊಂಗೆ ಎಣ್ಣೆ. “ಊರಿನವರು ವಾಸನೆ ವಾಸನೆ ಅಂತಿದ್ದರು. ಅದು ಸುಣ್ಣದ ಗುಂಡಿಯ ವಾಸನೆ. ಚಕ್ಕೆಗೆ ಬಿದ್ದ ಮೇಲೆ ತೊಗಲಿನ ವಾಸನೆ ಎಷ್ಟು ಚೆನ್ನಾಗಿರ್ತಿತ್ತು ಅಂದರೆ, ನಾನು ಅದನ್ನು ಹೊದ್ದುಕೊಂಡು ಮಲಗಿದ್ದೀನಿ” ಎಂದರು.

ಟಿಪ್ಪು ಸತ್ತ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ನಾಡಿನ ಸ್ಥಿತಿಗತಿ ನೋಡಿ ಬರೆಯಲು ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋದ. ಯುದ್ಧ ಮತ್ತು ಬರಗಳಿಂದ ಬರಿದಾದ ಊರುಗಳು ಅವನ ಕಣ್ಣಿಗೆ ಬಿದ್ದವು. ಅವನು ವೈದ್ಯ, ಸಸ್ಯಶಾಸ್ತ್ರಿ. ಹಾಗಾಗಿ ಹದಗಾರರ ತೊಗಟೆಗಳನ್ನೂ ಕಬ್ಬಿಣದ ಒಲೆಗಳಿಗೆ ಗಾಳಿ ಊದುವ ತೊಗಲಿನ ತಿದಿಗಳನ್ನೂ ಬಿಡದೆ ಗಮನಿಸಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮಾದಿಗರ ಹದದ ಕ್ರಮ ವಿವರವಾಗಿ ದಾಖಲಾಗಿದೆ. ನಮ್ಮವರು ಬರೆದ ಹಳೆಯ ಪುಸ್ತಕಗಳಲ್ಲಿ ನನಗೆ ಅಷ್ಟು ವಿವರ ಕಂಡಿಲ್ಲ. ಅಡುಗೆ, ಆನೆ, ಕುದುರೆ, ರತ್ನಗಳಿಗೆ ಶಾಸ್ತ್ರ ಬರೆದ ನಾಡು ಎತ್ತಿನ ತೊಗಲನ್ನು ನೀರೆತ್ತುವ ಬಾನಿಯಾಗಿಸಿದ ಜ್ಞಾನವನ್ನು ಬರವಣಿಗೆಗೆ ತರಲಿಲ್ಲ. ಈ ಮಾತು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ಕಸುಬಿನ ಲೆಕ್ಕಾಚಾರವನ್ನೂ ಹೇಳಬೇಕು. ಆಯಗಾರಿಕೆಯ ಪದ್ಧತಿಯಲ್ಲಿ ಊರಿನ ಸತ್ತ ದನದ ತೊಗಲು ಮಾದಿಗರದು. ಕೇಳಲು ಇದು ಹಕ್ಕಿನ ಹಾಗಿದೆ. ಆದರೆ ಆ ತೊಗಲಿಗೆ ಬದಲಾಗಿ ರೈತನಿಗೆ ಬಾನಿ, ಮಿಣಿ, ಬಾರುಕೋಲು, ನೊಗದ ಪಟ್ಟಿ, ಮನೆಮಂದಿಗೆ ಕೆರ ಎಲ್ಲವನ್ನೂ ಮಾಡಿಕೊಡಬೇಕು. ಹರಿದರೆ ಹೊಲಿದುಕೊಡಬೇಕು. ಸತ್ತ ದನವನ್ನು ಹೊತ್ತುಕೊಂಡು ಹೋಗಬೇಕು, ಹಬ್ಬಕ್ಕೆ ತಮಟೆ ಬಡಿಯಬೇಕು, ಸಾವಿನ ಸುದ್ದಿ ಮುಟ್ಟಿಸಬೇಕು. ಇಷ್ಟಕ್ಕೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ಒಂದಿಷ್ಟು ರಾಗಿ, ಒಂದಿಷ್ಟು ಜೋಳ. ಬೆಳೆ ಹೋದ ವರ್ಷ ಅದೂ ಇಲ್ಲ. ಒಲ್ಲೆ ಎನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಹಕ್ಕು ಎಂಬ ಮಾತನ್ನು ನಾನು ಬಳಸಲಾರೆ. 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರ್ ಸತ್ತ ದನ ಹೊರುವುದನ್ನು ಬಿಡಿ ಎಂದು ಕರೆಕೊಟ್ಟದ್ದು ಇದೇ ಲೆಕ್ಕವನ್ನು ಕಂಡು. ಇತ್ತ 1970ರ ದಶಕದಲ್ಲಿ ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಹರಿಹರದ ಬಿ. ಕೃಷ್ಣಪ್ಪ ಮತ್ತು ಜೊತೆಗಾರರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಈ ಸೀಮೆಯ ಹಟ್ಟಿಗಳಿಗೂ ಆ ಮಾತು ಬಂತು. ಜಗುಲಿಯ ಮೇಲಿನ ಹಿರಿಯರು ಉಳಿ ಕೆಳಗಿಟ್ಟದ್ದು ಆ ಕಾಲದಲ್ಲೇ. ಅಷ್ಟರಲ್ಲಿ ಪಂಪ್‌ಸೆಟ್ಟು ಬಂದು ಬಾನಿಯನ್ನು ಕೇಳುವವರೂ ಕಡಿಮೆಯಾಗಿದ್ದರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವರು ಬಿಡಿಸಿ ಹೇಳಲಿಲ್ಲ. ಅವರಿಗೆ ಎರಡೂ ಒಂದೇ ಬಿಡುಗಡೆ.

ಬರಗಾಲದ ನೆನಪು ಇಲ್ಲಿ ತೊಗಲಿನ ನೆನಪಿನ ಜೊತೆಗೇ ಬರುತ್ತದೆ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು, ದನಗಳಿಗೆ ಲೆಕ್ಕವೇ ಇಲ್ಲ. ಮೇವಿಲ್ಲದೆ ಬಿದ್ದ ದನಗಳ ತೊಗಲು ಗಾಡಿಗಟ್ಟಲೆ ಮದರಾಸಿನ ದಾರಿ ಹಿಡಿಯಿತು. ಬಂದರಿನ ಲೆಕ್ಕಪುಸ್ತಕಗಳಲ್ಲಿ ಬರದ ವರ್ಷಗಳೇ ತೊಗಲಿನ ರಫ್ತು ಏರಿದ ವರ್ಷಗಳು. ರೈತ ಎತ್ತು ಕಳೆದುಕೊಂಡ ವರ್ಷ ವ್ಯಾಪಾರಿಗೆ ಸುಗ್ಗಿ. ಹದಗಾರನಿಗೆ ಕೈತುಂಬ ಕೆಲಸವಿದ್ದರೂ ಕಣದಲ್ಲಿ ಕಾಳಿಲ್ಲ. ಮಾರನೆಯ ವರ್ಷ ಮಳೆ ಬಂದರೆ ಹೂಡಲು ಎತ್ತಿಲ್ಲ, ಎತ್ತಿಲ್ಲದ ಮೇಲೆ ಮಿಣಿ ಬೇಕಾದವರೂ ಇಲ್ಲ.

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ತೆಂಗು ಹೆಚ್ಚುತ್ತದೆ, ತಂಗಡಿ ಬೇಲಿಗೆ ಸರಿಯುತ್ತದೆ. ಹೊಸದುರ್ಗದ ಸಂತೆಯಲ್ಲಿ ದನದ ಸಾಮಾನಿನ ಅಂಗಡಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಮೂಗುದಾರ, ಕಣ್ಣಿ, ಹಗ್ಗ ಎಲ್ಲವೂ ನೈಲಾನು: ಕೆಂಪು, ಹಸಿರು, ನೀಲಿ. ತೊಗಲು ಉಳಿದಿರುವುದು ಕೊರಳ ಗೆಜ್ಜೆಪಟ್ಟಿಯಲ್ಲಿ ಮತ್ತು ಬಾರುಕೋಲಿನ ತುದಿಯ ಬಾರಿನಲ್ಲಿ ಮಾತ್ರ. ಗೆಜ್ಜೆಪಟ್ಟಿಗೆ ನೈಲಾನು ಯಾಕೆ ಬಳಸುವುದಿಲ್ಲ ಎಂದು ಕೇಳಿದೆ. ಎತ್ತಿನ ಕುತ್ತಿಗೆ ಬೆವರಿದಾಗ ನೈಲಾನು ಉಜ್ಜಿ ಹುಣ್ಣಾಗುತ್ತದೆ, ತೊಗಲು ಬೆವರು ಕುಡಿದು ಮೆತ್ತಗಾಗುತ್ತದೆ ಎಂದು ಅಂಗಡಿಯವನು ಹೇಳಿದ. ಪಟ್ಟಿಯ ತೊಗಲು ಎಲ್ಲಿಂದ ಬರುತ್ತದೆ ಎಂದರೆ ತಮಿಳುನಾಡಿನಿಂದ. ಪಕ್ಕದಲ್ಲಿ ಟೈರಿನ ಚಪ್ಪಲಿ ರಾಶಿ. ಕಲ್ಲುಮುಳ್ಳಿನ ಹೊಲಕ್ಕೆ ಅದೇ ಸರಿ ಎಂದು ಕುರಿಗಾಹಿಗಳು ಕೊಳ್ಳುತ್ತಾರೆ. ಇಡೀ ಸಂತೆಯಲ್ಲಿ ಹೊಸದಾಗಿ ಹೊಲಿದ ತೊಗಲಿನ ಕೆರ ಒಂದೂ ಕಾಣಲಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳ ಹೊಲಿಗೆಗಾರರಿಗೆ ಕೊಲ್ಹಾಪುರಿ ಚಪ್ಪಲಿಯ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. 2025ರಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಅದೇ ವಿನ್ಯಾಸವನ್ನು ಹೆಸರು ಹೇಳದೆ ತೋರಿಸಿದಾಗ ದೇಶವೇ ಕೇಳಿತು. ದುರ್ಗದ ಕೆರಕ್ಕೆ ಅಂಥ ಹೆಸರು ಬರಲಿಲ್ಲ. ಊರೊಳಗಿನ ಆಯಕ್ಕಾಗಿ ಹೊಲಿದದ್ದು ಊರಾಚೆಯ ಅಂಗಡಿಗೆ ಹೋಗಲೇ ಇಲ್ಲ. ಹೋಗಲು ಯಾರೂ ದಾರಿ ಮಾಡಿಕೊಡಲಿಲ್ಲ. 1976ರಲ್ಲಿ ಹುಟ್ಟಿದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮದ ‘ಲಿಡ್ಕರ್’ ಮಳಿಗೆಗಳನ್ನು ನಗರದವರು ಬಲ್ಲರು. ಈ ಸಂತೆಯಲ್ಲಿ ನಾನು ಮಾತಾಡಿಸಿದ ಹೊಲಿಗೆಗಾರ, ಗೋಣಿಚೀಲದ ನೆರಳಲ್ಲಿ ಕೂತು ರೆಕ್ಸಿನ್ ಬ್ಯಾಗಿನ ಜಿಪ್ಪು ಸರಿಮಾಡುತ್ತಿದ್ದ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮಠದಲ್ಲಿ ರಂಗಮಂದಿರವಿದೆ. ಅಲ್ಲಿಂದ ಹೊರಡುವ ‘ಶಿವಸಂಚಾರ’ ತಂಡ ಶರಣರ ಕಥೆಗಳನ್ನೂ ಹೊಸ ನಾಟಕಗಳನ್ನೂ ಊರೂರಿಗೆ ಒಯ್ಯುತ್ತದೆ. ಶರಣರ ಕಥೆ ಎಂದರೆ ತೊಗಲಿನ ಕಥೆಯೂ ಹೌದು. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಹರಳಯ್ಯ: ಇವರೆಲ್ಲ ತೊಗಲು ಹದ ಮಾಡಿದವರು, ಕೆರ ಹೊಲಿದವರು. ಮೊದಲ ವಚನಕಾರರ ಸಾಲಿನಲ್ಲಿ ಹೆಸರು ಬರುವ ಚೆನ್ನಯ್ಯ ತನ್ನ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗೂಂಟಗಳನ್ನು ತಂದಿಟ್ಟ. ಬೇರೆ ವಚನಕಾರರು ಅಂಕಿತದಲ್ಲಿ ದೇವರ ಹೆಸರಿಟ್ಟರೆ ಇವನು ದೇವರ ಜೊತೆಗೆ ತನ್ನ ಆಯುಧಗಳನ್ನೂ ಇಟ್ಟ. ಹರಳಯ್ಯನ ಕಥೆಯಂತೂ ಮಕ್ಕಳಿಗೂ ಗೊತ್ತು. ತಾನು ಶರಣು ಎಂದದ್ದಕ್ಕೆ ಬಸವಣ್ಣ ಶರಣು ಶರಣಾರ್ಥಿ ಎಂದು ಮರುನುಡಿದ, ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಗಂಡಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿ ತಂದರು, ಬಸವಣ್ಣ ಅದನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿಯಿತು. ಚಮ್ಮಾವುಗೆಯನ್ನು ತಲೆಯ ಮೇಲಿಟ್ಟುಕೊಂಡ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಮದುವೆಯ ಕಥೆಗೆ ಬಂದಾಗ ಧ್ವನಿ ತಗ್ಗಿಸುತ್ತೇವೆ. ಮದುವೆಯ ಕಥೆಯನ್ನೇ ಹೆಚ್ಚು ಹೇಳಬೇಕು ಎಂಬುದು ನನ್ನ ಅನಿಸಿಕೆ.

ಈ ಸೀಮೆಯಲ್ಲಿ ತೊಗಲು ಸುಲಿಯದ ದನಗಳೂ ಇವೆ. ಮ್ಯಾಸಬೇಡರೂ ಕಾಡುಗೊಲ್ಲರೂ ದೇವರ ಎತ್ತುಗಳನ್ನು ಸಾಕುತ್ತಾರೆ. ಅವಕ್ಕೆ ನೊಗವಿಲ್ಲ, ಮಾರಾಟವಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಶಾಸ್ತ್ರ ಮಾಡಿ ಮಣ್ಣು ಮಾಡುತ್ತಾರೆ. ದನವನ್ನು ಇಷ್ಟು ಪ್ರೀತಿಸುವುದು ನನಗೆ ಗೌರವದ ವಿಷಯವೇ. ಆದರೆ ದನದ ತೊಗಲನ್ನು ಮುಟ್ಟಿದ ಮನುಷ್ಯನನ್ನು ದೂರ ಇಡುವುದು ಅದೇ ಹಟ್ಟಿಗಳಲ್ಲಿ ನಡೆದಿದೆ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಲೋಕಸಭಾ ಸದಸ್ಯ ಎ. ನಾರಾಯಣಸ್ವಾಮಿ ಅವರನ್ನು, ಅವರದೇ ಕ್ಷೇತ್ರಕ್ಕೆ ಸೇರಿದ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಯೊಳಗೆ ಬಿಡಲಿಲ್ಲ. ಅವರು ದಲಿತರು ಎಂಬುದೇ ಕಾರಣ. ಸುದ್ದಿಯಾಗಿ, ಮಾತುಕತೆಯಾಗಿ, ಆಮೇಲೆ ಅದೇ ಹಟ್ಟಿಯವರು ಅವರನ್ನು ಒಳಗೆ ಕರೆದರು. ಅವರ ಕೈಯಲ್ಲಿ ಉಳಿಯಿರಲಿಲ್ಲ, ಚಕ್ಕೆಯ ಬಣ್ಣವಿರಲಿಲ್ಲ, ಇದ್ದದ್ದು ಸಂಸತ್ತಿನ ಸದಸ್ಯತ್ವ. ಕಸುಬು ಬಿಟ್ಟು ಎಷ್ಟು ತಲೆಮಾರು ಕಳೆದರೂ ಆ ದೂರ ತಾನಾಗಿ ಕಡಿಮೆಯಾಗುತ್ತಿಲ್ಲ.

ಹೊಳಲ್ಕೆರೆಯ ಕಡೆ ತಿರುಗಿದರೆ ಅಡಿಕೆ ತೋಟಗಳು. ದುರ್ಗದ ಪಾಳೆಯಗಾರರ ಮೂಲಪುರುಷ ತಿಮ್ಮಣ್ಣನಾಯಕನಿಗೆ ವಿಜಯನಗರದವರು ಮೊದಲು ಕೊಟ್ಟದ್ದು ಹೊಳಲ್ಕೆರೆಯ ನಾಯಕತನ, ಆಮೇಲೆ ಹಿರಿಯೂರಿನದು, ಕೊನೆಗೆ ಚಿತ್ರದುರ್ಗದ್ದು. ಆ ನಾಯಕರ ಸೈನ್ಯ ತೊಗಲಿನ ಮೇಲೆಯೇ ನಿಂತಿತ್ತು. ಕುದುರೆಯ ಜೀನು, ಲಗಾಮು, ಕತ್ತಿಯ ಒರೆ, ಗುರಾಣಿ, ನೀರಿನ ಚೀಲ, ಬಾಣ ಕಾಸುವ ಕುಲುಮೆಯ ತಿದಿ, ಯುದ್ಧದ ನಗಾರಿ. ಪಾಳೆಯಪಟ್ಟಿನ ಕಥೆಗಳಲ್ಲಿ ಕಮ್ಮಾರನಾದರೂ ಒಮ್ಮೊಮ್ಮೆ ಬರುತ್ತಾನೆ. ಜೀನು ಹೊಲಿದವನು ಬರುವುದಿಲ್ಲ.

ಹೊಳಲ್ಕೆರೆ ದಾಟಿ ಒಂದು ಊರಿನಲ್ಲಿ ದೇವರು ಹೊರಟಿತ್ತು. ದೂರದಿಂದಲೇ ಕೇಳಿದ್ದು ಉರುಮೆಯ ಸದ್ದು. ಒಂದು ಮುಖಕ್ಕೆ ಕೋಲಿನ ಹೊಡೆತ, ಇನ್ನೊಂದು ಮುಖದ ಮೇಲೆ ಬಾಗಿದ ಕಡ್ಡಿಯನ್ನು ಒತ್ತಿ ಉಜ್ಜುತ್ತಾರೆ. ಆ ಉಜ್ಜಿನಿಂದ ಬರುವ ಗುಂಯ್ ಎನ್ನುವ ನಾದ ಹೊಟ್ಟೆಯೊಳಗೆ ಇಳಿಯುತ್ತದೆ. ಚಿತ್ರದುರ್ಗ, ತುಮಕೂರು ಸೀಮೆಯ ಎಷ್ಟೋ ದೇವರುಗಳು ಉರುಮೆ ಇಲ್ಲದೆ ಮೈಮೇಲೆ ಬರುವುದಿಲ್ಲ ಎಂಬ ನಂಬಿಕೆಯಿದೆ. ಜೊತೆಗೆ ತಮಟೆ. ಆಟದ ನಡುವೆ ಹುಡುಗರು ತೆಂಗಿನ ಗರಿಯ ಬೆಂಕಿ ಹಚ್ಚಿ ತಮಟೆ ಕಾಸಿದರು. ಕಾದ ತೊಗಲು ಬಿಗಿದು ದನಿ ಮೇಲೇರಿತು. ಕುರುಬರ ಡೊಳ್ಳಿಗೂ ತೊಗಲೇ ಬೇಕು. ಡೊಳ್ಳಾಸುರನ ಹೊಟ್ಟೆ ಸೀಳಿಕೊಂಡು ಹೊರಬಂದ ಶಿವ ಅವನ ಚರ್ಮದಿಂದಲೇ ಡೊಳ್ಳು ಮಾಡಿದ ಎಂದು ಅವರು ಕಥೆ ಹೇಳುತ್ತಾರೆ. ಡೊಳ್ಳು ಹೊತ್ತವನಿಗೆ ಬೀರಪ್ಪನ ಗುಡಿಯ ಅಂಗಳದಲ್ಲಿ ಜಾಗವಿದೆ. ತಮಟೆ, ಉರುಮೆ ಹಿಡಿದವರು ದೇವರ ಮುಂದೆ ನಡೆದರೂ ಗುಡಿಯ ಹೊಸ್ತಿಲಿನ ಹೊರಗೇ ನಿಲ್ಲುವುದನ್ನು ಎಷ್ಟೋ ಊರುಗಳಲ್ಲಿ ಇಂದಿಗೂ ಕಾಣಬಹುದು. ಎರಡೂ ತೊಗಲಿನವೇ. ವ್ಯತ್ಯಾಸ ತೊಗಲಿನದಲ್ಲ.

ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದರೆ ಅದು ಗೊಂಬೆಯಾಗುತ್ತದೆ. ಬಳ್ಳಾರಿ, ಕೊಪ್ಪಳ, ಚಿತ್ರದುರ್ಗ, ತುಮಕೂರಿನ ಉದ್ದಕ್ಕೂ ಕಿಳ್ಳೇಕ್ಯಾತರು ತೊಗಲುಗೊಂಬೆಗಳನ್ನು ಹೊತ್ತು ತಿರುಗಿದವರು. ಮಳೆ ಬಾರದ ವರ್ಷ, ದನಕ್ಕೆ ರೋಗ ಬಂದ ವರ್ಷ ಊರಿನವರೇ ಅವರನ್ನು ಕರೆಸಿ ಆಡಿಸುತ್ತಿದ್ದರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತಾರು. ಅದಕ್ಕೆ ಎರಡು ವರ್ಷ ಮೊದಲು ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ ಅದೇ ಗೌರವ ಸಂದಿತ್ತು. ಹಟ್ಟಿಯ ಹುಡುಗರು ಈ ಹೆಸರನ್ನು ನನಗೆ ಎರಡೆರಡು ಬಾರಿ ಹೇಳಿದರು. ಅವರು ಹೇಳುವಾಗ ನನಗೂ ಹೆಮ್ಮೆಯಾಯಿತು.

ಹಾಗಾದರೆ ಈಗ ಇಲ್ಲಿನ ತೊಗಲು ಏನಾಗುತ್ತದೆ? ಚಿತ್ರದುರ್ಗ ಜಿಲ್ಲೆಯಲ್ಲಿ ಕುರಿಗಳಿಗೆ ಬರವಿಲ್ಲ. ಯುಗಾದಿಯ ಮಾರನೆಯ ದಿನ, ಮಾರಿಹಬ್ಬದಲ್ಲಿ, ಬಕ್ರೀದಿನಲ್ಲಿ ರಾಶಿ ರಾಶಿ ಹಸಿ ತೊಗಲು ಬೀಳುತ್ತದೆ. ಚಿತ್ರದುರ್ಗದ ಊರಂಚಿನ ಒಂದು ಗೋದಾಮಿನಲ್ಲಿ ಮುದುಕರೊಬ್ಬರು ಕುರಿಯ ತೊಗಲುಗಳಿಗೆ ಉಪ್ಪು ಎರಚಿ ಒಂದರ ಮೇಲೊಂದು ಪೇರಿಸುತ್ತಿದ್ದರು. ತಂದೆಯ ಕಾಲದಿಂದ ಬಂದ ವ್ಯಾಪಾರ. ಕೊಯ್ದ ಕೆಲವೇ ಗಂಟೆಗಳಲ್ಲಿ ಉಪ್ಪು ಬೀಳದಿದ್ದರೆ ಕೂದಲಿನ ಬುಡದಲ್ಲಿ ಕೊಳೆ ಶುರುವಾಗುತ್ತದೆ, ಹದದ ಮನೆಯಲ್ಲಿ ಅದು ಚುಕ್ಕೆಯಾಗಿ ಏಳುತ್ತದೆ. ಇಲ್ಲಿಂದ ಲಾರಿ ಹೋಗುವುದು ರಾಣಿಪೇಟೆ, ಆಂಬೂರು, ವಾಣಿಯಂಬಾಡಿಗೆ. ಕುರಿ ಮಾರಿದವನು ಮಾಂಸದ ಬೆಲೆಯ ಜೊತೆ ತೊಗಲಿನ ಬೆಲೆಯನ್ನೂ ಚೌಕಾಸಿ ಮಾಡುತ್ತಿದ್ದ ಕಾಲವಿತ್ತು, ಈಗ ಉಪ್ಪಿನ ಖರ್ಚೂ ಹುಟ್ಟುವುದಿಲ್ಲ, ಹಬ್ಬದ ಮಾರನೆಯ ದಿನ ತೊಗಲನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚುವವರೂ ಇದ್ದಾರೆ ಎಂದರು. ರೆಕ್ಸಿನ್, ಪ್ಲಾಸ್ಟಿಕ್ ಶೂಗಳು ತೊಗಲಿನ ಬೇಡಿಕೆ ತಿಂದಿವೆ. ದನದ ತೊಗಲನ್ನು ಅವರು ಮುಟ್ಟುವುದನ್ನೇ ಬಿಟ್ಟಿದ್ದಾರೆ. ತಾನಾಗಿ ಸತ್ತದ್ದಾದರೂ ದಾರಿಯಲ್ಲಿ ತಡೆದು ನಿಲ್ಲಿಸಿದರೆ ಯಾರು ಉತ್ತರ ಹೇಳುತ್ತಾರೆ ಎಂಬ ಭಯ. 2021ರಲ್ಲಿ ಹೊಸ ಜಾನುವಾರು ಕಾನೂನು ಜಾರಿಯಾದ ಮೇಲೆ ಆ ಭಯ ಹೆಚ್ಚಾಗಿದೆ ಎಂದರು.

ಹದದ ಕೆಲಸ ಇಲ್ಲಿಂದ ಹೋದದ್ದಕ್ಕೆ ಒಂದು ಸಮಾಧಾನವೂ ಇದೆ. ತಂಗಡಿ ಚಕ್ಕೆಯ ಹದಕ್ಕೆ ವಾರಗಳು ಬೇಕಿದ್ದರೆ ಕ್ರೋಮ್ ಹದ ಒಂದೆರಡು ದಿನಕ್ಕೇ ಮುಗಿಯುತ್ತದೆ. ಬೆಂಗಳೂರಿನಲ್ಲೂ 1908ರ ಹೊತ್ತಿಗೇ ಕ್ರೋಮ್ ಹದದ ಕಂಪನಿ ಬಂದಿತ್ತು. ಆದರೆ ಅದರ ನೀರು ಎಲ್ಲಿಗೆ ಹೋಯಿತು ಎಂಬುದನ್ನು ಪಾಲಾರ್ ನದಿ ಹೇಳುತ್ತದೆ. ವೆಲ್ಲೂರಿನ ನಾಗರಿಕರು ಸುಪ್ರೀಂ ಕೋರ್ಟಿಗೆ ಹೋಗಿ 1996ರಲ್ಲಿ ತೀರ್ಪು ಪಡೆಯುವಷ್ಟರಲ್ಲಿ ನೂರಾರು ಹದದ ಮನೆಗಳ ಹೊಲಸು ಆ ನದಿಯ ಪಾತ್ರದ ಬಾವಿ, ಹೊಲಗಳನ್ನು ಕೆಡಿಸಿತ್ತು. ನಮ್ಮ ಕುರಿಯ ತೊಗಲಿನ ಪಾಲೂ ಅದರಲ್ಲಿದೆ. ವೇದಾವತಿಗೆ ಅಂಥ ಗತಿ ಬರಲಿಲ್ಲ. ಈಗ ಜಗತ್ತಿನ ದುಬಾರಿ ಅಂಗಡಿಗಳು ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲನ್ನು ಹೆಚ್ಚಿನ ಬೆಲೆಗೆ ಮಾರುತ್ತಿವೆ. ತಂಗಡಿ ಇನ್ನೂ ಬೇಲಿಯಲ್ಲಿದೆ. ಹಟ್ಟಿಯ ಜಗುಲಿಯ ಮೇಲಿನ ಹಿರಿಯರಿಗೆ ಆ ಕೆಲಸ ಇನ್ನೂ ನೆನಪಿದೆ. ಆದರೆ ಅವರ ಮೊಮ್ಮಕ್ಕಳು ಗುಂಡಿಗೆ ಇಳಿಯಬೇಕೆಂದು ಬಯಸುವ ಅಧಿಕಾರ ನನಗಿಲ್ಲ. ಆ ಜ್ಞಾನ ಉಳಿಯಬೇಕಾದರೆ ಅದು ಜಾತಿಯ ಹಂಗಿಲ್ಲದ ತರಗತಿಯಲ್ಲಿ, ಪ್ರಯೋಗಾಲಯದಲ್ಲಿ, ಸಂಬಳ ಬರುವ ಕೆಲಸದಲ್ಲಿ ಉಳಿಯಲಿ. 1948ರಲ್ಲಿ ಮದರಾಸಿನಲ್ಲಿ ಹುಟ್ಟಿದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಎಲ್ಲ ಜಾತಿಯ ಎಂಜಿನಿಯರುಗಳೂ ತೊಗಲು ಮುಟ್ಟುತ್ತಾರೆ. ಅಲ್ಲಿ ಯಾರೂ ಮೈಲಿಗೆಯಾಗುವುದಿಲ್ಲ.

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ಶಾಲೆಯ ಮಕ್ಕಳು ಸಾಲುಗಟ್ಟಿದ್ದರು. ಹೈದರಾಲಿಯ ಸೈನಿಕರು ನುಸುಳಿ ಬಂದ ಕಿಂಡಿ, ಊಟಕ್ಕೆ ಬಂದ ಗಂಡನಿಗೆ ನೀರು ತರಲು ಹೋಗಿ ಒನಕೆ ಹಿಡಿದ ಹೆಣ್ಣು. ಆ ಗಂಡ ಕಹಳೆ ಮುದ್ದಹನುಮ, ಬುರುಜಿನ ಕಾವಲುಗಾರ. ಓಬವ್ವ ಛಲವಾದಿ ಕುಲದವಳು. ತ.ರಾ.ಸು. ಕಾದಂಬರಿಗಳೂ 1972ರ ‘ನಾಗರಹಾವು’ ಚಿತ್ರವೂ ಅವಳನ್ನು ಮನೆಮನೆಗೆ ತಂದವು. 2021ರಿಂದ ನವೆಂಬರ್ 11 ಅವಳ ಜಯಂತಿ. ಕೋಟೆಯ ಕೆಳಗೆ ಈ ಊರು ಈಗ ಮಠಗಳ ಊರು. ಅವುಗಳ ನಡುವೆ ಮಾದಾರ ಚೆನ್ನಯ್ಯ ಗುರುಪೀಠವೂ ಇದೆ. ಅಂಕಿತದಲ್ಲಿ ಉಳಿಯನ್ನು ಇಟ್ಟವನ ಹೆಸರಿನಲ್ಲಿ ಒಂದು ಪೀಠ, ಒಬ್ಬ ಸ್ವಾಮೀಜಿ, ದೂರದ ಊರುಗಳಿಂದ ಬರುವ ಭಕ್ತರು. ನನ್ನ ಚಿಕ್ಕಂದಿನಲ್ಲಿ ಇದನ್ನು ಊಹಿಸುವುದೂ ಕಷ್ಟವಿತ್ತು.

ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯಲ್ಲಿ ತಮಟೆ ತಂಡದ ಯುವಕನೊಬ್ಬ ಸಿಕ್ಕಿದ. ಪದವಿ ಓದಿದವನು, ಗುತ್ತಿಗೆಯ ಕೆಲಸವೊಂದಿದೆ. ಸಂಜೆ, ರಜಾದಿನ ತಮಟೆ. ಅವನ ತಮಟೆಗೆ ಈಗ ಫೈಬರ್ ಹಾಳೆ. ಮಳೆಯಲ್ಲೂ ದನಿ ಇಳಿಯುವುದಿಲ್ಲ, ಕಾಸುವ ಕೆಲಸವಿಲ್ಲ. ಒಂದು ತೊಗಲಿನದ್ದನ್ನೂ ಇಟ್ಟುಕೊಂಡಿದ್ದಾನೆ. ಸ್ಪರ್ಧೆಗೆ, ಜಾನಪದ ಮೇಳಕ್ಕೆ ಅದೇ ಬೇಕು, ಅದರ ಗುಡುಗು ಫೈಬರಿಗೆ ಬರುವುದಿಲ್ಲ ಎಂದ. ಊರಿನ ಸಾವಿಗೆ ಬಡಿಯುತ್ತೀಯಾ ಎಂದು ಕೇಳಿದೆ. “ಇಲ್ಲ. ನಮ್ಮಪ್ಪ ಬಡಿದದ್ದು ಸಾಕು. ಕರೆದರೆ ಯಾರ ಮನೆಗಾದರೂ ಬರ್ತೀವಿ, ಕಲಾವಿದರು ಅಂತ ಕರೆಯಬೇಕು” ಎಂದ. ಅಷ್ಟರಲ್ಲಿ ಫೋನು ಬಂತು. ಹೊಳಲ್ಕೆರೆ ಕಡೆಯ ಒಂದು ಮದುವೆ ಮೆರವಣಿಗೆ. ಅವನು ಎದ್ದು ನಿಂತು ಗಟ್ಟಿಯಾಗಿ, ಒಂದೊಂದಾಗಿ ಹೇಳಿದ: ಆರು ಜನ, ಎರಡು ಗಂಟೆ, ಹೋಗಿಬರುವ ಗಾಡಿ ಖರ್ಚು ನಿಮ್ಮದು, ಅರ್ಧ ಹಣ ಇವತ್ತೇ ಫೋನ್‌ಪೇ ಮಾಡಬೇಕು, ಊಟ ಎಲ್ಲರ ಪಂಕ್ತಿಯಲ್ಲೇ.